ಕೂಡೋ ಜಾಗ

ಅಕ್ಕಾರ, ಆ ಕನ್ನಡಕ ತಗದ ಮ್ಯಾಲೂ
ಮೂಗಿನ ಮ್ಯಾಲ ಅದರ ಭಾರ ಹಂಗ ಐತಿ.
ನಿಮ್ಮ ಹಾಳಿಯೊಳಗ ನಾ ಚಾಲಕ ಹದಿನೇಳು,
ಮನ್ಯಾಗ ಅಡಿವೆಪ್ಪ.
ಹಿರೇಬಾಗೇವಾಡಿ ಬ್ರಿಡ್ಜಿನ ಬುಡಕ ಹಾದು
ಸರ್ವೀಸ್ ರಸ್ತೆ ಹೈವೇಕ್ಕ ಕೂಡೋ ಜಾಗದಾಗ
ಒಂಬತ್ತು ಸೆಕೆಂಡಿನ್ಯಾಗ ನನ್ನ ಕಣ್ಣು
ಹತ್ತೊಂಬತ್ತು ಸಲ ಜಿಗದೈತಿ ಅಂದ್ರಿ.
ನಗಿ ಬಂತು ನಂಗ.
ನನ್ನ ಮಗಳು ಕುಂಟಬಿಲ್ಲಿ ಆಡುವಾಗೂ ಅಷ್ಟು ಜಿಗಿಯೂದಿಲ್ಲ.

ಹತ್ತೊಂಬತ್ತೂ ನೆನಪಿಲ್ಲ, ಕೆಲವು ಹೇಳತೇನಿ.
ಮೊದಲು ಬಲಗನ್ನಡಿ. ಅದರಾಗ ಒಂದು ಬಸ್ಸು,
ಜ್ವಾಳದ ಕಾಳಿನಷ್ಟು.
ಮುಂದ ನೋಡಿ ಮತ್ತ ಕನ್ನಡಿ ನೋಡೂದ್ರಾಗ ಕುಂಬಳಕಾಯಿ.
ಕಾಳು ಕಾಯಿ ಆಗಾಕ ಎಷ್ಟು ಹೊತ್ತು ಹಿಡೀತು,
ಅದ ನನ್ನ ಗಣಿತ. ಸಾಲ್ಯಾಗ ಕಲಿಸಿದ್ದಲ್ಲ.

ಮುಂದ ಕಬ್ಬಿನ ಟ್ರ್ಯಾಕ್ಟರ್, ಹಿಂದ ಎರಡು ಡಬ್ಬಿ,
ಲೈಟಿಲ್ಲ, ಹಾಡೈತಿ.
ನಿಂತೈತೋ ಹೊಂಟೈತೋ ಹಾಡಿನ ಮ್ಯಾಲ ತಿಳಿಯೂದಿಲ್ಲ,
ಗಾಲಿಗೆ ಸಿಕ್ಕ ರವದಿ ತಿರಗತೈತೇನು ನೋಡಬೇಕು.

ಆಮ್ಯಾಲ ಕಾಜಿಗೂ ಬಾಗಲಕ್ಕೂ ನಡಕ ಇರೋ ಕಂಬ.
ಅಂಗೈಯಷ್ಟೂ ಅಗಲ ಇಲ್ಲ.
ಅದರ ಹಿಂದ ಒಂದು ಮೋಟರ್‌ಸೈಕಲ್,
ಗಂಡ, ಹೆಂಡ್ತಿ, ನಡಕ ಕೂಸು,
ಹಾಲಿನ ಕ್ಯಾನ್ ಸಮೇತ ಅಡಗತಾರ.
ಅದಕ್ಕ ನಾ ಸೀಟಿನ್ಯಾಗ ಹಿಂದಮುಂದ ತೂಗತೇನಿ.
ನಿಮ್ಮ ಯಂತ್ರ ಕಣ್ಣು ಎಣಿಸತೈತಿ,
ಕುತ್ತಿಗಿ ಎಣಿಸೂದಿಲ್ಲ.

ಲಾರಿ ಬಂಪರಿನ ಮ್ಯಾಲ ಮೂರು ಚುಕ್ಕಿ ಯಾಕ ಅಂತ ಕೇಳಿದ್ರಿ.
ಬಲಕ್ಕ ಬರಾಂವ ದೀಪ ಹೊಡದ್ರ
‘ನಾ ಬಂದೆ, ಸರಿ’ ಅಂತ. ಅದು ಬಾಯಿಮಾತು.
ಎಕ್ಸಲರೇಟರ್ ಬಿಟ್ಟು ಬ್ರೇಕ್ ಮ್ಯಾಲ ಕಾಲಿಟ್ರ
ಲಾರಿ ಮೂತಿ ನಾಕು ಬೆರಳು ಬಾಗತೈತಿ,
ನೀರಿಗೆ ಬಂದ ಎತ್ತಿನಂಗ.
ಆ ಬಾಗೂದು ಕಂಡ್ರ ನಾ ಹೋಗತೇನಿ.
ಮಾರಿ ಕಾಣದ ಮನಷಾ, ರಾಜಸ್ಥಾನದ ನಂಬರ್,
ಅಂವ ಬಿಟ್ಟ ಅಷ್ಟ ಜಾಗದಾಗ
ನಾ, ನೀವು, ಎಂಬತ್ತು ಚೀಲ ಬಟಾಟಿ.
ಕೈ ಎತ್ತಿದ್ಯಾ. ನೋಡಿದ್ನೋ ಇಲ್ಲೋ.

ಕೂಡಲದಾಗ ಮಲಪ್ರಭಾ ಹೋಗಿ ಕೃಷ್ಣಾಕ್ಕ ಸೇರೂದು ನೋಡೇನಿ.
ಹಿಂದ ತಿರಗಿ ನೋಡೂದಿಲ್ಲ, ಇಂಡಿಕೇಟರ್ ಇಲ್ಲ.
ನೀರಿಗೆ ನೀರು ಡಿಕ್ಕಿ ಹೊಡದ್ರೂ ನೀರ.
ನಮ್ಮದು ಹಂಗಲ್ಲ.

ಎಡಗನ್ನಡಿ ಎಪಿಎಂಸಿಯಾಗ ಎಮ್ಮಿ ತಿಕ್ಕೊಂಡು ಹೋತು.
ಹಗ್ಗ ಕಟ್ಟೇನಿ. ಆಕಾಶ ತೋರಸತೈತಿ.
ಮೊದಲು ಆ ಕಡೆ ಕ್ಲೀನರ್ ಇರತಿದ್ದ, ಮುಶಪ್ಪ.
ಬಾಗಲಾ ಎರಡು ಸಲ ಬಡದ್ರ ‘ನಡಿ’,
ಒಂದ ಸಲ ಬಡದ್ರ ‘ತಡಿ’.
ನಿದ್ದಿಗಣ್ಣಾಗೂ ತಪ್ಪು ಬಡದಾಂವಲ್ಲ.
ಮಾಲಕರು ಅವನ ಪಗಾರ ಉಳಿಸಿದ್ರು.
ನಾಕು ಕಣ್ಣಿನ ಕೆಲಸ ಎರಡರ ಮ್ಯಾಲ ಬಿತ್ತು.
ಇದನ್ನ ನಿಮ್ಮ ಹಾಳಿಯೊಳಗ ಯಾವ ಮನಿಯೊಳಗ ತುಂಬತೀರಿ?

ಕಡೀಕ ಒಂದು ಚುಕ್ಕಿ ತೋರಿಸಿದ್ರಿ,
ಎಡಕ್ಕ, ಗಾಡಿ ಒಳಗ, ಕೆಳಗ.
‘ಇಲ್ಲಿ ನೋಡಾಕ ಏನೂ ಇಲ್ಲ, ಯಂತ್ರದ ತಪ್ಪು,
ಅಳಸಿಬಿಡತೇನಿ’ ಅಂದ್ರಿ.

ಅಳಸಬ್ಯಾಡ್ರಿ ಅಕ್ಕಾರ.
ಅದು ನಿಮ್ಮ ಕಾಲು.
ಹಾಳಿ ತೊಡಿ ಮ್ಯಾಲ ಇಟಗೊಂಡು
ನೀವು ಆಗ
ಇಲ್ಲದ ಬ್ರೇಕ್ ತುಳದ್ರಿ.
ಎಡಕ್ಕ ಏನೋ ಐತಿ ಅಂತ ಅದರಿಂದ ತಿಳೀತು ನಂಗ;
ಉಲ್ಟಾ ಬರತಿದ್ದ ಸ್ಕೂಟಿ ಹುಡುಗಿ
ಕಂಡದ್ದು ಆಮ್ಯಾಲ.

ಮುಶಪ್ಪ ಬಾಗಲಾ ಬಡದಂಗಾತು,
ಒಂದ ಸಲ.